ಸ್ಲೈಡ್‌ನಲ್ಲಿದ್ದ ‘ಅತಿ ಉದ್ದದ’ ಅನ್ನೋ ಎರಡು ಪದ

ಔಟರ್ ರಿಂಗ್ ರೋಡಿನ ಒಂದು ಕಂಪನಿಯ ಕ್ಯಾಂಟೀನ್‌ನಲ್ಲಿ ಕ್ವಿಜ್ ಫೈನಲ್. ಮೂರನೇ ರೌಂಡಿನ ಸ್ಲೈಡ್ ಹೀಗಿತ್ತು: ‘ಕೀಬೋರ್ಡಿನ ಮೇಲಿನ ಸಾಲಿನ ಅಕ್ಷರಗಳಿಂದಲೇ ಟೈಪ್ ಮಾಡಬಹುದಾದ ಅತಿ ಉದ್ದದ ಇಂಗ್ಲಿಷ್ ಪದ ಯಾವುದು?’ ಉತ್ತರ ಟೈಪ್‌ರೈಟರ್. ಪ್ರಶ್ನೆ ಹಾಕುವ ನಮಗೆಲ್ಲ ಇದು ಹಳೇ ಸರಕು. ಕೈಗೆ ಸಿಕ್ಕಿತು, ಡೆಕ್‌ಗೆ, ಅಂದರೆ ಸ್ಲೈಡುಗಳ ಕಟ್ಟಿಗೆ, ಹಾಕಿದ್ದಾಯಿತು.

ಎರಡು ಟೀಮ್ ಪೌನ್ಸ್ ಮಾಡಿದವು, ಅಂದರೆ ಸರದಿಗೆ ಕಾಯದೆ ಪಣವೊಡ್ಡಿ ಉತ್ತರ ಬರೆದು ಕೊಟ್ಟವು. ಡೈರೆಕ್ಟ್, ಅಂದರೆ ಉತ್ತರ ಹೇಳುವ ಮೊದಲ ಸರದಿ, ಇದ್ದ ನಾಲ್ಕನೇ ಟೀಮಿನ ಹುಡುಗಿ ‘ಪ್ರೊಪ್ರೈಟರ್’ ಅಂದಳು. ಕ್ವಿಜ್ ಮಾಸ್ಟರ್ ಸ್ಕೋರರ್ ಟೇಬಲ್ ಕಡೆ ತಿರುಗಿ ನೋಡಿದರು. ನಾನು ಮನಸ್ಸಲ್ಲೇ ಎಣಿಸಿದೆ: ಪಿ, ಆರ್, ಓ, ಪಿ, ಆರ್, ಐ, ಟಿ, ಓ, ಆರ್. ಒಂಬತ್ತು. ತಲೆ ಅಡ್ಡಡ್ಡ ಆಡಿಸಿದೆ. ಪ್ರಶ್ನೆ ಬೌನ್ಸ್ ಆಗಿ ಐದನೇ ಟೀಮಿಗೆ ಹೋಯಿತು, ಅವರು ಟೈಪ್‌ರೈಟರ್ ಅಂದರು, ಹತ್ತು ಪಾಯಿಂಟ್ ಬರೆದೂ ಆಯಿತು.

‘ಸರ್, ಒಂದ್ಸಲ ಎಣಿಸಿ. ನಮ್ಮಪ್ಪನ ಅಂಗಡಿ ಬಿಲ್‌ಬುಕ್ ಮೇಲೆ ಇದೇ ಪದ ಇದೆ, ಐ ಆದಮೇಲೆ ಇ ಬರುತ್ತೆ.’

ಬಾಯಲ್ಲಿ ‘ಪ್ರೈಟರ್’ ಅನ್ನುತ್ತೇವಲ್ಲ, ಆ ಇ ಅಲ್ಲೇ ನುಂಗಿ ಹೋಗುತ್ತದೆ. ಪೆನ್ನು ಹಿಡಿದು ಸ್ಕೋರ್‌ಶೀಟಿನ ಅಂಚಿನಲ್ಲಿ ಒಂದೊಂದೇ ಅಕ್ಷರ ಬರೆದು ಕೆಳಗೆ ಗೆರೆ ಎಳೆಯುತ್ತ ಹೋದೆ. ಹತ್ತು. ಟೈಪ್‌ರೈಟರ್ ಕೂಡ ಹತ್ತೇ. ಮೈಕ್ ಆನ್ ಇತ್ತು, ಯಾರೂ ಮಾತಾಡುತ್ತಿರಲಿಲ್ಲ, ಜ್ಯೂಸ್ ಕೌಂಟರಿನ ಮಿಕ್ಸಿ ಸದ್ದೊಂದೇ. ಇಬ್ಬರಿಗೂ ಪಾಯಿಂಟ್ ಕೊಟ್ಟುಬಿಡೋಣ ಅಂತ ಕ್ವಿಜ್ ಮಾಸ್ಟರ್ ಬಾಯಿ ತೆರೆಯುವಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬರು ನಿಧಾನಕ್ಕೆ ಅಂದರು: ‘ರಪ್ಚರ್‌ವರ್ಟ್ ಹನ್ನೊಂದು ಕಣ್ರೀ.’ ಹರ್ನಿಯಾಗೆ ಮದ್ದು ಅಂತ ಹಿಂದೆ ನಂಬಿದ್ದ ಒಂದು ಗಿಡದ ಹೆಸರು ಅದು. 1983ರಿಂದ ಕರ್ನಾಟಕ ಕ್ವಿಜ್ ಅಸೋಸಿಯೇಷನ್ ಇರುವ ಊರಲ್ಲಿ ಹಿಂದಿನ ಸಾಲನ್ನು ಹಗುರ ಮಾಡಬಾರದು. ಪ್ರಶ್ನೆ ರದ್ದು. ಪೌನ್ಸ್ ಮಾಡಿದ್ದವರ ಮುಖ ನೋಡುವ ಹಾಗಿರಲಿಲ್ಲ.

ಎಡವಟ್ಟು ಅಕ್ಷರ ಎಣಿಸಿದ್ದರಲ್ಲಷ್ಟೇ ಇರಲಿಲ್ಲ. ‘ಅತಿ ಉದ್ದದ’ ಅಂದ ಕೂಡಲೇ ಉತ್ತರ ಯಾವ ನಿಘಂಟು ಅನ್ನುವುದರ ಮೇಲೆ ನಿಲ್ಲುತ್ತದೆ. ಮೇಲಿನ ಸಾಲಿನ ಹತ್ತಕ್ಷರದವೇ ಬೇಕಾದಷ್ಟಿವೆ. ಪ್ರೊಪ್ರೈಟರ್ ಜೊತೆಗೆ ಪರ್ಪೆಟ್ಯುಇಟಿ, ರೆಪರ್ಟ್ವಾರ್ ಕೂಡ ಹತ್ತೇ. ಎಡಗೈಯಿಂದಷ್ಟೇ ಟೈಪ್ ಮಾಡುವ ಅಕ್ಷರಗಳಲ್ಲಿ ಸ್ಟೂವರ್ಡೆಸಸ್ (12) ಅತಿ ಉದ್ದ ಅಂತಾರೆ, ರಿವರ್ಬರೇಟೆಡ್ ಮತ್ತು ಡಿಸೆಗ್ರಿಗೇಟೆಡ್ ಕೂಡ ಹನ್ನೆರಡೇ. ಯಾವ ಅಕ್ಷರವೂ ಎರಡನೇ ಸಲ ಬಾರದ 15 ಅಕ್ಷರದ ಪದ ಅನ್‌ಕಾಪಿರೈಟಬಲ್ ಅಂತ ಸ್ಲೈಡ್ ಹಾಕಿದರೆ, ಬೆರಳಚ್ಚು ಶಾಸ್ತ್ರದ ಡರ್ಮಟೋಗ್ಲಿಫಿಕ್ಸ್ ಹಿಡಿದುಕೊಂಡು ಯಾರಾದರೂ ಎದ್ದು ನಿಲ್ಲುತ್ತಾರೆ. 45 ಅಕ್ಷರದ, ನ್ಯುಮೊನೊಅಲ್ಟ್ರಾ… ಅಂತ ಶುರುವಾಗುವ ಆ ಶ್ವಾಸಕೋಶದ ರೋಗದ ಹೆಸರಂತೂ ಉದ್ದವಾಗಲಿ ಅಂತಲೇ 1935ರಲ್ಲಿ ಅಮೆರಿಕದ ಪಝಲರ್ಸ್ ಲೀಗಿನ ಎವೆರೆಟ್ ಸ್ಮಿತ್ ಹೊಸೆದದ್ದು. ಡಾಕ್ಟರು ಸಿಲಿಕೋಸಿಸ್ ಅಂದು ಮುಗಿಸುತ್ತಾರೆ. ಅದರಿಂದ ಪ್ರಶ್ನೆ ಬೇಕೇ ಬೇಕು ಅಂದರೆ, ಅಷ್ಟುದ್ದದ ಪದದಲ್ಲಿ ಇ ಎಷ್ಟು ಸಲ ಬರುತ್ತದೆ ಅಂತ ಕೇಳಿ. ಒಂದೇ ಸಲ. ಇದಕ್ಕೆ ಯಾರೂ ತಕರಾರು ಎತ್ತಲಾರರು.

ಇನ್ನು ಪಟ್ಟಿ ವಿಚಾರ. ಸ್ಕ್ರ್ಯಾಬಲ್ ಆಟದ ಪದಪಟ್ಟಿ ಇಳಿಸಿಕೊಂಡು, ಎಕ್ಸೆಲ್‌ನಲ್ಲಿ ಅಕ್ಷರ ಎಣಿಸುವ ಲೆನ್ ಫಾರ್ಮುಲಾ ಹಾಕಿ ಉದ್ದದ ಪದ ಹುಡುಕುವವರಿದ್ದಾರೆ. ಬೋರ್ಡಿನ ಒಂದು ಸಾಲೇ ಹದಿನೈದು ಮನೆಯದು, ಆ ಪಟ್ಟಿ ಹದಿನೈದಕ್ಕೆ ನಿಂತುಬಿಡುತ್ತದೆ. 29 ಅಕ್ಷರದ, ಒಂಬತ್ತು ಐ ಇದ್ದೂ ಒಂದೂ ಇ ಇಲ್ಲದ ಫ್ಲಾಕ್ಸಿನಾಸಿನಿಹಿಲಿಪಿಲಿಫಿಕೇಶನ್ ಅದರಲ್ಲಿ ಹೇಗೆ ಸಿಕ್ಕೀತು? ಎಕ್ಸೆಲ್‌ನಲ್ಲಿ ಒಂದು ಅಕ್ಷರ ಎಷ್ಟು ಸಲ ಇದೆ ಅಂತ ನೋಡಲು, ಪದದ ಲೆನ್‌ನಿಂದ ಆ ಅಕ್ಷರ ತೆಗೆದ ಪದದ ಲೆನ್ ಕಳೆಯುತ್ತೇವೆ. ಅಕ್ಷರ ತೆಗೆಯಲು ಬಳಸುವ ಸಬ್‌ಸ್ಟಿಟ್ಯೂಟ್ ಫಾರ್ಮುಲಾಗೆ ದೊಡ್ಡ ಇ, ಚಿಕ್ಕ ಇ ಬೇರೆ ಬೇರೆ. ಎಲ್ಲವನ್ನೂ ಚಿಕ್ಕಕ್ಷರ ಮಾಡುವ ಲೋವರ್ ಮೊದಲು ಹಾಕದಿದ್ದರೆ, ಚಿಕ್ಕ ಇ ಎಣಿಸುವಾಗ ದೊಡ್ಡ ಇಯಿಂದ ಶುರುವಾಗುವ ಪದಗಳಲ್ಲಿ ಒಂದು ಕಮ್ಮಿ ಬರುತ್ತದೆ. ಕಾಪಿ ಪೇಸ್ಟ್ ಮಾಡಿದ ಪದದ ಕೊನೆಯಲ್ಲಿ ಸ್ಪೇಸ್ ಉಳಿದಿದ್ದರೆ ಲೆನ್ ಒಂದು ಜಾಸ್ತಿ, ಅದನ್ನು ತೆಗೆಯಲು ಟ್ರಿಮ್. ಕಲರ್, ಹಾನರ್‌ನಂಥವು ಬ್ರಿಟಿಷ್ ಕಾಗುಣಿತದಲ್ಲಿ ಒಂದು ಯು ಹೆಚ್ಚು. ಪಟ್ಟಿ ಯಾವ ದೇಶದ್ದು ಅಂತ ಶೀಟಿನ ಮೇಲೆ ಬರೆದಿಡಿ.

ಎಷ್ಟೇ ಫಾರ್ಮುಲಾ ಹಾಕಿದರೂ ಕೊನೆಗೊಮ್ಮೆ ಕೈಯಲ್ಲಿ ಬರೆದು ಎಣಿಸಲೇಬೇಕು, ಕಿವಿಯನ್ನು ನಂಬುವಂತಿಲ್ಲ. ನಮ್ಮದು ಉಚ್ಚರಿಸಿದ ಹಾಗೆ ಬರೆಯುವ ಅಭ್ಯಾಸ. ‘ಕ್ಯೂಯಿಂಗ್’ ಅಂತ ಕೇಳಿದಾಗ ಅದರೊಳಗೆ ಯು, ಇ, ಯು, ಇ, ಐ ಅಂತ ಐದು ಸ್ವರ ಸಾಲಾಗಿ ನಿಂತಿವೆ ಅಂತ ಯಾರಿಗೆ ಹೊಳೆಯುತ್ತದೆ? ‘ಫೆಸೀಶಸ್’ ಅನ್ನುವಾಗ ಎ, ಇ, ಐ, ಓ, ಯು ಕ್ರಮವಾಗಿ ಒಂದೊಂದೇ ಸಲ ಬಂದು ಹೋಗುವುದೂ ಹಾಗೇ. ನನಗೆ ಇಷ್ಟವಾದದ್ದು ಇದರ ತಿರುಗುಮುರುಗು: ಉಪಖಂಡದ ಇಂಗ್ಲಿಷ್ ವಿಶೇಷಣ, ಸಬ್‌ಕಾಂಟಿನೆಂಟಲ್. ಹದಿನಾಲ್ಕು ಅಕ್ಷರ, ಸ್ವರಗಳು ಯು, ಓ, ಐ, ಇ, ಎ. ಇದನ್ನು ‘ಅತಿ ಉದ್ದದ’ ಅನ್ನದೆ, ‘ನಾವಿರುವ ಜಾಗಕ್ಕೆ ಸಂಬಂಧಿಸಿದ, ಎಸ್‌ನಿಂದ ಶುರುವಾಗುವ 14 ಅಕ್ಷರದ ಪದ’ ಅಂತ ಕೇಳಿದರೆ ಉತ್ತರ ಒಂದಕ್ಕೇ ಬಿಗಿಯಾಗುತ್ತದೆ. ಮೊದಲ ಅಕ್ಷರ, ಉದ್ದ, ಅರ್ಥದ ಸುಳಿವು, ಮೂರೂ ಇರಬೇಕು.

ಈ ಮಧ್ಯೆ ಕ್ಲೈಂಟ್ ಕಡೆಯವರು ರಾಜ್ಯೋತ್ಸವಕ್ಕೆ ‘ಇದೇ ರೌಂಡ್ ಕನ್ನಡದಲ್ಲಿ ಮಾಡಿಬಿಡಿ’ ಅಂದರು. ಎಕ್ಸೆಲ್‌ನಲ್ಲಿ ‘ಸ್ತ್ರೀ’ ಅಂತ ಟೈಪ್ ಮಾಡಿ ಲೆನ್ ಹಾಕಿ ತೋರಿಸಿದೆ. ಆರು ಅಂತ ಬಂತು. ಸ, ತ, ರ, ಎರಡು ಹಲಂತ, ಒಂದು ದೀರ್ಘ. ಓದುವವರಿಗೆ ಅದು ಒಂದೇ ಅಕ್ಷರ. ಅದನ್ನು ಒಂದು ಅಂತ ಎಣಿಸುವುದೋ, ಆರು ಅಂತಲೋ ಅಂತ ಕೇಳಿದ್ದಕ್ಕೆ ‘ಡೆಕ್ ನಾಳೆ ಫ್ರೀಜ್ ಆಗುತ್ತೆ’ ಅನ್ನುವ ಉತ್ತರ ಬಂತು. ಡೆಕ್ ಫ್ರೀಜ್ ಮಾಡುವವರು ಅದನ್ನು ಓದುವುದಿಲ್ಲ, ಓದುವ ನಮಗೆ ರಾತ್ರಿ ಹನ್ನೊಂದರ ಮೇಲೆ ಎಡಿಟ್ ಆಕ್ಸೆಸ್ ಇರುವುದಿಲ್ಲ. ಆವತ್ತಿನ ಸ್ಲೈಡಿನ ಕಥೆಯೂ ಇಷ್ಟೇ.

ಈಗ ಶೀಟಿನಲ್ಲಿ ಎರಡು ಕಾಲಂ ಸೇರಿಸಿದ್ದೇವೆ. ಒಂದು ‘ಬೇರೆ ಉತ್ತರ ಸಾಧ್ಯವೇ’, ಇನ್ನೊಂದು ‘ಕೈಯಲ್ಲಿ ಎಣಿಸಿದವರು’. ಎರಡನೆಯದರಲ್ಲಿ ಪ್ರಶ್ನೆ ಹಾಕಿದವರ ಹೆಸರೇ ಇರಕೂಡದು. ಹೋದ ವಾರ ಅದೇ ಕಂಪನಿಯಿಂದ ಹೊಸ ಬ್ರೀಫ್ ಬಂದಿದೆ. ಮೊದಲ ಸಾಲು: ‘ಲಾಂಗೆಸ್ಟ್ ವರ್ಡ್ ರೌಂಡ್ ಮತ್ತೆ ಇರಲಿ, ಹೋದ ಸಲ ಜನ ತುಂಬಾ ಎಂಜಾಯ್ ಮಾಡಿದ್ರು.’