ಇವರು ನಿಮಗೆ ಏನಾಗಬೇಕು?

ಚಿಕ್ಕಬಳ್ಳಾಪುರದ ನಮ್ಮ ಮನೆಯ ನಡುಮನೆಯಲ್ಲಿ ಒಂದು ಪೋಸ್ಟ್ ಕಾರ್ಡಿಗೆ ಕಟ್ಟು ಹಾಕಿಸಿ ಇಟ್ಟಿದ್ದೇನೆ. ಎರಡೂ ಕಡೆ ಗಾಜು. ವಿಳಾಸದ ಎಡಗಡೆ ಉಳಿದ ಚೂರು ಜಾಗದಲ್ಲಿ ನೀಲಿ ಇಂಕಿನ ಪಟ್ಟದ ರಾಣಿ ಬೊಂಬೆ, ಅದರ ಕೆಳಗೆ ಒಂದು ಸಹಿ. ಬಂದವರೆಲ್ಲ ತಿರುಗಿಸಿ ನೋಡಿ ಕೇಳುತ್ತಾರೆ: "ಇವರು ನಿಮಗೆ ಏನಾಗಬೇಕು?"

ನೆಂಟಸ್ತನ ಏನೂ ಇಲ್ಲ. ಅವರು ತುಮಕೂರಿನಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದವರು. ಒಂದು ಪತ್ರಿಕೆಯ ಮಕ್ಕಳ ಪುಟಕ್ಕೆ ಬೊಂಬೆ ಕಥೆ ಬರೆದು, ಚಿತ್ರವನ್ನೂ ತಾವೇ ಬಿಡಿಸುತ್ತಿದ್ದರು. ನಾನು ಆ ಪುಟಕ್ಕೆ ಕಾದು ಕೂತಿರುತ್ತಿದ್ದ ಹುಡುಗಿ.

ದಸರೆಯಲ್ಲಿ ಬೊಂಬೆ ಕೂರಿಸುವವರಿಗೆ ಗೊತ್ತೇ ಇರುತ್ತೆ. ಮೇಲಿನ ಮೆಟ್ಟಿಲಲ್ಲಿ ಮರದ ಪಟ್ಟದ ರಾಜ ರಾಣಿ, ಮದುವೆಯಲ್ಲಿ ತವರಿನಿಂದ ಬಂದ ಜೋಡಿ. ಕೆಳಗೆಲ್ಲೋ ಅಕ್ಕಿ ಬೇಳೆ ಮುಂದಿಟ್ಟುಕೊಂಡ ಶೆಟ್ಟರು, ಪಕ್ಕದಲ್ಲಿ ಅವರ ಹೆಂಡತಿ. "ಬೊಂಬೆ ಕೂರಿಸಿದ್ದೀರಾ?" ಅಂತ ಬರುವ ಮಕ್ಕಳಿಗೆ ದಿನಾ ಒಂದೊಂದು ತಿಂಡಿ. ವಿಜಯದಶಮಿ ರಾತ್ರಿ ಬೊಂಬೆ ಮಲಗಿಸಿದರೆ ಮುಗೀತು. ಹಳೇ ಪಂಚೆಯ ಚೂರಿನಲ್ಲಿ ಸುತ್ತಿ ಟ್ರಂಕಿಗೆ ಹಾಕುತ್ತಾರೆ. ಆಮೇಲೆ ಆ ಟ್ರಂಕಿನೊಳಗೆ ವರ್ಷವೆಲ್ಲ ಏನು ನಡೆಯುತ್ತೆ? ಟೀಚರ್ ಬರೆದ ಕಥೆಗಳೆಲ್ಲ ಅದರದ್ದೇ. ಶೆಟ್ಟರು ಕತ್ತಲಲ್ಲೇ ಬೇಳೆ ಎಣಿಸುತ್ತಾರೆ. ರಾಣಿಗೆ ನುಸಿಗುಳಿಗೆಯ ವಾಸನೆಗೆ ತಲೆನೋವು. ತಲೆ ಆಡಿಸುವ ತಂಜಾವೂರು ಮುದುಕಪ್ಪ ಎಲ್ಲದಕ್ಕೂ ಹೂಂ ಅನ್ನುತ್ತಾನೆ, ಅದರಿಂದಲೇ ಜಗಳ ಜಾಸ್ತಿ ಆಗುತ್ತೆ.

ನಮ್ಮ ಮನೆಮಾತು ತೆಲುಗು, ಈ ಕಡೆ ಬಹಳ ಮನೆಗಳಲ್ಲಿ ಹಾಗೇ. ಅಜ್ಜಿ "ಬೊಮ್ಮಲ ಕೊಲುವು" ಅನ್ನುತ್ತಿದ್ದರು. ಸ್ಕೂಲಿನ ಕನ್ನಡ ಪಾಠ ನನಗೆ ಕಷ್ಟ ಆಗುತ್ತಿತ್ತು. ಆದರೆ ರಾಣಿ ಏನಂದಳು ಅಂತ ತಿಳೀಬೇಕಲ್ವಾ? ಒಂದೊಂದೇ ಒತ್ತಕ್ಷರ ಕೂಡಿಸಿ ಓದಿದೆ. ಕನ್ನಡ ನನಗೆ ಒಲಿದಿದ್ದು ಆ ಟ್ರಂಕಿನಿಂದ. ಅಮ್ಮ ಆ ಪುಟಗಳನ್ನು ಕತ್ತರಿಸಿ, ಗೋಣಿದಾರದಲ್ಲಿ ಹೊಲಿದು, ಹಳೇ ಕ್ಯಾಲೆಂಡರಿನ ಹಾಳೆ ಹೊದಿಸಿ ಪುಸ್ತಕ ಮಾಡಿಕೊಟ್ಟರು. ಈಗಲೂ ಇದೆ.

ಪುಟಗಳು ಒಟ್ಟಿಗೆ ಸೇರಿದ ಮೇಲೆಯೇ ನನಗೆ ಕಾಣಿಸಿದ್ದು. ಮೊದಲ ಕಥೆಯಲ್ಲಿ ರಾಣಿಯ ಮೂಗುಬೊಟ್ಟು ಎಡಕ್ಕಿತ್ತು, ನಾಲ್ಕನೇ ಕಥೆಯಲ್ಲಿ ಬಲಕ್ಕೆ! ಎರಡು ದಿನ ನಿದ್ದೆ ಬರಲಿಲ್ಲ. 1988, ನನಗೆ ಒಂಬತ್ತು ವರ್ಷ. ಆಗ ಕಾರ್ಡಿಗೆ 15 ಪೈಸೆ. ಪತ್ರಿಕೆಯ ವಿಳಾಸಕ್ಕೆ ಬರೆದು ಹಾಕಿದೆ: "ರಾಣಿ ಮೂಗು ಯಾವಾಗ ಚುಚ್ಚಿಸಿಕೊಂಡಳು?"

ಮೂರು ವಾರಕ್ಕೆ ಉತ್ತರ ಬಂತು. ಗೋಡೆ ಮೇಲಿರುವ ಕಾರ್ಡು ಅದೇ. ವಿಳಾಸದಲ್ಲಿ ಕೋಲಾರ ಜಿಲ್ಲೆ ಅಂತಿದೆ, ನಮ್ಮದು ಬೇರೆ ಜಿಲ್ಲೆ ಆಗಿದ್ದು 2007ರಲ್ಲಿ. "ನೀನು ಹೇಳಿದ್ದು ಸರಿ ಕಣಮ್ಮ. ತಪ್ಪು ನನ್ನದು. ಬೊಂಬೆಯನ್ನು ಎದುರಿಗೆ ಇಟ್ಟುಕೊಳ್ಳದೆ ನೆನಪಿನಿಂದ ಬರೆದುಬಿಟ್ಟೆ. ಇನ್ಮೇಲೆ ನೀನೇ ನೋಡಿ ಹೇಳಬೇಕು."

ದೊಡ್ಡವರೊಬ್ಬರು ನನ್ನ ಹತ್ತಿರ ತಪ್ಪು ಒಪ್ಪಿಕೊಂಡಿದ್ದು ಅದೇ ಮೊದಲು. ಸುಮ್ನೆ ಜಾಣೆ ಅಂತ ಹೊಗಳಿ ಬಿಟ್ಟಿದ್ದರೆ ನಾನು ಮರೆತುಬಿಡುತ್ತಿದ್ದೆನೇನೋ. ಅವರು ನನಗೆ ಕೆಲಸ ಕೊಟ್ಟರು.

ಆ ಕೆಲಸ ವರ್ಷಗಟ್ಟಲೆ ಮಾಡಿದೆ. ಮುಂದಿನ ದಸರೆಗೆ ಅಪ್ಪ ದೊಡ್ಡಬಳ್ಳಾಪುರ, ದಾಬಸ್‌ಪೇಟೆ ಮೇಲೆ ಬಸ್ಸಿನಲ್ಲಿ ತುಮಕೂರಿಗೆ ಕರೆದುಕೊಂಡು ಹೋದರು. ಟೀಚರ್ ಮೊದಲು ರಾಣಿಯನ್ನು ನನ್ನ ಕೈಗೆ ಕೊಟ್ಟರು, ಆಮೇಲೆ ಕಾಫಿಗೆ ಇಟ್ಟರು. ಚಿತ್ರದಲ್ಲಿ ಅಷ್ಟು ದೊಡ್ಡವಳು, ಕೈಯಲ್ಲಿ ಒಂದು ಗೇಣು. ಮೂಗುಬೊಟ್ಟು ಅಂದರೆ ಸೂಜಿಮೊನೆಯಷ್ಟು ಬಿಳಿ ಬಣ್ಣ. ಬೆರಳು ತಾಗಿದರೆ ಹೋಗಿಬಿಡುತ್ತೇನೋ ಅಂತ ಮುಟ್ಟಲಿಲ್ಲ.

ಟೀಚರಿಗೆ ಈಗ ಕಣ್ಣು ಅಷ್ಟಾಗಿ ಕಾಣಿಸಲ್ಲ. ಹೋದ ದಸರೆಯಲ್ಲಿ ಅವರ ಮನೆಯ ಬೊಂಬೆಗಳನ್ನು ಟ್ರಂಕಿನಿಂದ ತೆಗೆದು ಒರೆಸಿ ಕೂರಿಸಿದ್ದು ನಾನೇ. ಅವರು ಕುರ್ಚಿಯಲ್ಲಿ ಕೂತು, "ಮೂಗುಬೊಟ್ಟು ಇದೆಯೇನೇ?" ಅಂದರು. ಬಣ್ಣ ಮಾಸಿತ್ತು. ದೀಪದ ಹತ್ತಿರ ಹಿಡಿದು ನೋಡಿದೆ.

"ಇದೆ ಟೀಚರ್. ಎಡಗಡೆ."