ಕೆಂಚಿಯ ಹೊಟ್ಟೆ: ಒಂದು ಮಳೆಗಾಲದ ನೋಟ್‌ಬುಕ್

ಕೆಂಚಿಗೆ ಮೂರು ವರ್ಷ. ಊರ ನಾಯಿ, ಕೆಂಪು ಮೈ, ಬಾಲದ ತುದಿ ಮಾತ್ರ ಬಿಳಿ. ತೀರ್ಥಹಳ್ಳಿ ಕಡೆಯ ನಮ್ಮ ತೋಟದ ಮನೆಗೆ ಅವಳು ಮತ್ತು ಎಂಟು ವರ್ಷದ ಕರಿಯ ಇಬ್ಬರೇ ಕಾವಲು. ಜುಲೈ 2ಕ್ಕೆ ಅವಳಿಗೆ ಭೇದಿ ಶುರುವಾಯಿತು. ಪೂರ್ತಿ ನಿಂತಿದ್ದು ಆಗಸ್ಟ್‌ನಲ್ಲಿ. ಮೊದಲ 16 ದಿನ ನಾನು ಏನೂ ಬರೆದಿಟ್ಟಿರಲಿಲ್ಲ. ಅಷ್ಟನ್ನು ನೆನಪಿನಿಂದ ಬರೆಯುತ್ತಿದ್ದೇನೆ, ಉಳಿದಿದ್ದು ನೋಟ್‌ಬುಕ್‌ನಿಂದ.

ದಿನ 1ರಿಂದ 4

ಬೆಳಿಗ್ಗೆ ಅಂಗಳದ ಮೂಲೆಯಲ್ಲಿ ಸಡಿಲವಾಗಿ ಹೋಗಿದ್ದಳು. ಬಣ್ಣ ತಿಳಿ ಹಳದಿ, ಮೇಲೆ ಜಿಡ್ಡಿನ ಹಾಗೆ ಹೊಳಪು, ಅಲ್ಲಲ್ಲಿ ಲೋಳೆ. ವಾಸನೆ ವಿಪರೀತ. ಆದರೆ ಓಡಾಟ, ಹಸಿವು ಎಲ್ಲ ಎಂದಿನಂತೆ ಇತ್ತು. ವಾಂತಿ ಇಲ್ಲ, ರಕ್ತ ಇಲ್ಲ. ತುಟಿ ಎತ್ತಿ ಒಸಡು ನೋಡಿದೆ, ಗುಲಾಬಿ ಬಣ್ಣ, ಒದ್ದೆಯಾಗಿತ್ತು. ಹೆಗಲ ಮೇಲಿನ ಚರ್ಮ ಹಿಡಿದೆತ್ತಿ ಬಿಟ್ಟೆ. ತಕ್ಷಣ ಕೆಳಗೆ ಕೂತಿತು. ಮೈಯಲ್ಲಿ ನೀರು ಕಡಿಮೆಯಾಗಿದ್ದರೆ ಅದು ನಿಧಾನ ಇಳಿಯುತ್ತದೆ. ಒಸಡು ಅಂಟಂಟಾಗಿ ಒಣಗಿದ್ದರೆ, ರಕ್ತ ಕಂಡರೆ, ಮೇಲಿಂದ ಮೇಲೆ ವಾಂತಿಯಾದರೆ, ಅಥವಾ ಲಸಿಕೆ ಆಗದ ಮರಿಯಾಗಿದ್ದರೆ ನಾನು ಒಂದು ದಿನವೂ ಕಾಯುತ್ತಿರಲಿಲ್ಲ. ಮರಿಗಳಿಗೆ ಪಾರ್ವೋ ಅನ್ನುವ ವೈರಸ್ ಭೇದಿ ಬಂದರೆ ಗಂಟೆಗಳ ಲೆಕ್ಕ.

ಮೊದಲು ಅನುಮಾನ ಬಂದಿದ್ದು ಮೈಲುತುತ್ತಿನ ಮೇಲೆ. ಜೂನ್‌ನಲ್ಲಿ ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಿದ್ದೆವು. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಡ್ರಮ್ಮಿನಲ್ಲಿ ಉಳಿದಿದ್ದನ್ನು ನೆಕ್ಕಿರಬಹುದಾ ಅಂತ ಭಯವಾಯಿತು. ಡ್ರಮ್ ಮಗುಚಿಟ್ಟಿದ್ದು ನೋಡಿ ಸಮಾಧಾನವಾಯಿತು.

ಮೂರನೇ ದಿನ ಹತ್ತಿರದ ಪಶು ಆಸ್ಪತ್ರೆಯ ಡಾಕ್ಟರು ನೋಡಿದರು. ಜ್ವರ ಇರಲಿಲ್ಲ. ಜಂತುಹುಳದ ಒಂದು ಮಾತ್ರೆ ಕೊಟ್ಟು, ಓಆರ್‌ಎಸ್ ನೀರು ಕುಡಿಸಲು ಹೇಳಿದರು. "ಕಡಿಮೆ ಆಗದಿದ್ರೆ ಮತ್ತೆ ಬನ್ನಿ" ಅಂದರು. ನಾಲ್ಕನೇ ದಿನ ಗಟ್ಟಿಯಾಯಿತು. ನಾನು ಮತ್ತೆ ಹೋಗಲಿಲ್ಲ.

ದಿನ 8ರಿಂದ 16

ಎಂಟನೇ ದಿನ ಮತ್ತೆ ಶುರು. ಈ ಒಂದು ವಾರ ನಾನು ಮಾಡಿದ್ದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ನಾಯಿ ಸಾಕಿದ ಬಹಳಷ್ಟು ಜನ ಹೀಗೇ ಮಾಡುತ್ತಾರೆ ಅನ್ನಿಸುತ್ತದೆ.

ಮೊದಲು ಅಂಗಡಿಯಿಂದ ತರುವ ನಾಯಿ ತಿಂಡಿ ನಿಲ್ಲಿಸಿ ಕೋಳಿ, ಅನ್ನ ಹಾಕಿದೆ. ಎರಡು ದಿನ ಚೆನ್ನಾಗಿತ್ತು. "ಅಂಗಡಿ ತಿಂಡಿಯೇ ಕಾರಣ" ಅಂತ ನಿರ್ಧರಿಸಿದೆ. 11ನೇ ದಿನ ಮತ್ತೆ ಕೆಟ್ಟಿತು. ಹಾಗಾದರೆ ಕೋಳಿಯೇ ಆಗ್ತಿಲ್ಲ ಅಂತ ಮೊಸರನ್ನಕ್ಕೆ ಬದಲಿಸಿದೆ. ಒಂದು ದಿನ ಸರಿ, ಮರುದಿನ ನೀರು ನೀರು. ಅತ್ತಿಗೆ ಸಿಹಿಕುಂಬಳ ಬೇಯಿಸಿ ಹಾಕಿದರು. ಪಕ್ಕದ ಮನೆಯವರು ಮಜ್ಜಿಗೆಗೆ ಮೆಂತ್ಯ ಹೇಳಿದರು, ಅದೂ ಆಯಿತು. ಪ್ರತಿ ಸಲವೂ ಒಂದೆರಡು ದಿನ ಸರಿಹೋಗುತ್ತಿತ್ತು, ಆಮೇಲೆ ಕೆಡುತ್ತಿತ್ತು. ಸರಿಹೋದಾಗ ಆ ದಿನ ಹಾಕಿದ್ದಕ್ಕೆ ಹೆಸರು, ಕೆಟ್ಟಾಗ ಆ ದಿನ ಹಾಕಿದ್ದರ ಮೇಲೆ ಆರೋಪ.

ಮನುಷ್ಯರು ತೆಗೆದುಕೊಳ್ಳುವ ಭೇದಿ ನಿಲ್ಲಿಸುವ ಮಾತ್ರೆ ಮನೆಯಲ್ಲಿತ್ತು. ಕೊಡು ಅಂತ ಇಬ್ಬರು ಹೇಳಿದರು. ಕೊಡಲಿಲ್ಲ. ಸೋಂಕಿದ್ದರೆ ಅದನ್ನು ಒಳಗೇ ತಡೆದು ಹಿಡಿದ ಹಾಗಾಗುತ್ತದೆ. ಕೆಲವು ಜಾತಿಯ ನಾಯಿಗಳಿಗೆ ಆ ಮಾತ್ರೆ ನೇರವಾಗಿ ನಂಜು. ಹೊಟ್ಟೆ ನೋವು ಅಂತ ನಮ್ಮ ನೋವಿನ ಮಾತ್ರೆ ಕೊಡುವುದಂತೂ ಬೇಡವೇ ಬೇಡ. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಎರಡೂ ನಾಯಿಗಳ ಜೀವಕ್ಕೇ ಅಪಾಯ.

"ನಾಯಿ ಜಾತಿ, ಹುಲ್ಲು ತಿಂದು ತಾನೇ ಸರಿ ಮಾಡ್ಕೊಳ್ತದೆ" ಅಂತ ಅಮ್ಮ ಹೇಳುತ್ತಲೇ ಇದ್ದರು. 16ನೇ ದಿನ ಸಂಜೆ ಕೆಂಚಿ ಬಚ್ಚಲ ಒಲೆಯ ಪಕ್ಕ ಮಲಗಿದ್ದಳು. ಅಮ್ಮ ಅವಳ ಬೆನ್ನು ಸವರುತ್ತಾ ಸುಮ್ಮನಾದರು. "ಮೂಳೆ ಕೈಗೆ ಸಿಗ್ತಿದೆಯಲ್ಲೋ" ಅಂದರು. ಅಡಿಕೆ ತೂಗುವ ತಕ್ಕಡಿ ಮೇಲೆ ನಿಲ್ಲಿಸಿದೆ. 16 ಕಿಲೋ. ಮೇ ತಿಂಗಳಲ್ಲಿ ಲಸಿಕೆ ಹಾಕಿಸಿದಾಗ 17.4 ಇತ್ತು.

ದಿನ 17

ನೋಟ್‌ಬುಕ್ ಶುರು. ಅಡುಗೆಮನೆ ಬಾಗಿಲ ಮೊಳೆಗೆ ದಾರ ಕಟ್ಟಿ ತೂಗುಹಾಕಿದೆ. ಯಾರು ಏನು ಹಾಕಿದರೂ ಅಲ್ಲಿ ಬರೆಯಬೇಕು. ಮಲಕ್ಕೆ 1ರಿಂದ 7ರವರೆಗೆ ಅಂಕ. ಡಾಕ್ಟರುಗಳೇ ಬಳಸುವ ಲೆಕ್ಕ ಇದು. 1 ಅಂದರೆ ಕಲ್ಲಿನಂತೆ ಗಟ್ಟಿ, 7 ಅಂದರೆ ಬರೀ ನೀರು. 2 ಅಥವಾ 3 ಇದ್ದರೆ ಆರೋಗ್ಯ. "ಸ್ವಲ್ಪ ಸಡಿಲ", "ಪರವಾಗಿಲ್ಲ" ಅಂತ ಬರೆದರೆ ಮನೆಯ ನಾಲ್ಕು ಜನರಿಗೆ ನಾಲ್ಕು ಅರ್ಥ. ಅಂಕಕ್ಕೆ ಆ ತೊಂದರೆ ಇಲ್ಲ.

ಸಂಜೆ ಹೊತ್ತಿಗೇ ಒಂದು ವಿಷಯ ಹೊರಬಂತು. ಕೆಂಚಿ ಬೆಳಿಗ್ಗೆ ನನ್ನ ಅನ್ನ ತಿಂದಿದ್ದಳು. ಮಧ್ಯಾಹ್ನ ಅಣ್ಣನ ಮಗ ಬಿಸ್ಕತ್ತು ಕೊಟ್ಟಿದ್ದ. ಆಮೇಲೆ ಕೊಟ್ಟಿಗೆಯಲ್ಲಿ ದನಕ್ಕಿಟ್ಟ ಅಕ್ಕಚ್ಚಿಗೆ ಬಾಯಿ ಹಾಕಿದ್ದಳು. ಅದರಲ್ಲಿ ಅಡುಗೆಮನೆಯ ತೊಳೆದ ನೀರು, ತರಕಾರಿ ಸಿಪ್ಪೆ, ಕೆಲವೊಮ್ಮೆ ಈರುಳ್ಳಿಯೂ ಇರುತ್ತದೆ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕಣಗಳನ್ನೇ ಹಾಳುಮಾಡುತ್ತವೆ. ಅಂದರೆ ಒಂದು ವಾರದಿಂದ ನಾನು ಮಾಡಿದ ಆಹಾರ ಬದಲಾವಣೆ ಯಾವುದೂ ನಿಜವಾದ ಪರೀಕ್ಷೆ ಆಗಿರಲಿಲ್ಲ. ಬಕೆಟ್ಟಿಗೆ ಮುಚ್ಚಳ ಬಂತು. ಬಿಸ್ಕತ್ತು ಡಬ್ಬಿ ಅಟ್ಟಕ್ಕೆ ಹೋಯಿತು.

ದಿನ 18

ಶಿವಮೊಗ್ಗ. ಮನೆಯಿಂದ 60 ಕಿಲೋಮೀಟರ್ ಚಿಲ್ಲರೆ. ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಡಾಕ್ಟರು ಮೇಡಂ ತುಂಬಾ ಪ್ರಶ್ನೆ ಕೇಳಿದರು. ದಿನಕ್ಕೆ ಎಷ್ಟು ಸಲ ಹೋಗುತ್ತಾಳೆ? ಒಂದೊಂದು ಸಲ ಜಾಸ್ತಿಯೋ, ಸ್ವಲ್ಪಸ್ವಲ್ಪವೋ? ತಿಣುಕುತ್ತಾಳಾ? ತೂಕ ಇಳಿದಿದೆಯಾ? ದೊಡ್ಡ ಕರುಳಿನ ತೊಂದರೆಯಾದರೆ ಮೇಲಿಂದ ಮೇಲೆ, ಸ್ವಲ್ಪ ಸ್ವಲ್ಪ, ಲೋಳೆ ಜಾಸ್ತಿ, ತಿಣುಕುವುದು. ಸಣ್ಣ ಕರುಳಾದರೆ ದಿನಕ್ಕೆ ಎರಡು ಮೂರು ಸಲವೇ ಆದರೂ ರಾಶಿ ರಾಶಿ, ಜೊತೆಗೆ ತೂಕ ಇಳಿಯುತ್ತದೆ. ಕೆಂಚಿಯದು ಸಣ್ಣ ಕರುಳಿನ ಕಡೆಗೇ ಬೊಟ್ಟು ಮಾಡುತ್ತಿತ್ತು. ಉಣ್ಣೆ ಹುಳ ಕಚ್ಚಿ ಬರುವ ಜ್ವರ ಇದೆಯಾ ಅಂತ ರಕ್ತ ನೋಡಿದರು, ಏನೂ ಇರಲಿಲ್ಲ. ಮಲವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು, ಅಲ್ಲೂ ಏನೂ ಸಿಗಲಿಲ್ಲ.

ಅಲ್ಲಿಗೆ ಬಿಟ್ಟಿದ್ದರೆ ನಾನು ಮತ್ತೆ ಅನ್ನ, ಕುಂಬಳಕ್ಕೇ ವಾಪಸ್ ಬರುತ್ತಿದ್ದೆ. ಅವರು ಬಿಡಲಿಲ್ಲ. "ಜಿಯಾರ್ಡಿಯಾ ಅನ್ನೋ ಪರಾವಲಂಬಿ ಎಲ್ಲಾ ದಿನ ಹೊರಗೆ ಬರಲ್ಲ. ಒಂದು ಸಲ ಕಾಣ್ಲಿಲ್ಲ ಅಂದ್ರೆ ಇಲ್ಲ ಅಂತ ಅಲ್ಲ. ದಿನ ಬಿಟ್ಟು ದಿನ ಮೂರು ಮಾದರಿ ತನ್ನಿ" ಅಂದರು. ನನ್ನ ಹರಕು ಲೆಕ್ಕ, ಎರಡು ದಿನ ಸರಿ, ಎರಡು ದಿನ ಕೆಟ್ಟಿದ್ದು, ಎಲ್ಲ ಆ ಮಾತಿಗೆ ಹೊಂದುತ್ತಿತ್ತು.

ಇನ್ನೊಂದು ಪ್ರಶ್ನೆಗೆ ನಾನು ತಲೆ ತಗ್ಗಿಸಬೇಕಾಯಿತು. "ದಿನಕ್ಕೆ ಎಷ್ಟು ಗ್ರಾಂ ಹಾಕ್ತೀರಿ?" ಹೊಟ್ಟೆಗೆ ವಿಶ್ರಾಂತಿ ಅಂತ ಹೊತ್ತಿಗೆ ಎರಡು ಹಿಡಿ ಹಾಕುತ್ತಿದ್ದೆ. ಅವರು ಲೆಕ್ಕ ಮಾಡಿ ತೋರಿಸಿದರು. 16 ಕಿಲೋ ನಾಯಿ ಸುಮ್ಮನೆ ಮಲಗಿದ್ದರೂ ದಿನಕ್ಕೆ ಸುಮಾರು 560 ಕ್ಯಾಲೊರಿ ಬೇಕು. ಓಡಾಡುವ ನಾಯಿಗೆ 900ರ ಹತ್ತಿರ. ಬೇಯಿಸಿದ ಕೋಳಿ ಎದೆಮಾಂಸ 100 ಗ್ರಾಂಗೆ 165, ಅನ್ನ 100 ಗ್ರಾಂಗೆ 130. ಅಂದರೆ ದಿನಕ್ಕೆ ಕೋಳಿ 210 ಗ್ರಾಂ, ಅನ್ನ 420 ಗ್ರಾಂ. ನಾನು ಹಾಕುತ್ತಿದ್ದುದು ಅದರ ಅರ್ಧವೂ ಇರಲಿಲ್ಲ. ಅವಳ ತೂಕ ಇಳಿದಿದ್ದರಲ್ಲಿ ನನ್ನ ಪಾಲೂ ಇದೆ. ಅದು ಇವತ್ತಿಗೂ ನೋಯಿಸುತ್ತದೆ.

ದಿನ 19ರಿಂದ 22

ಕೋಳಿ, ಅನ್ನ ತೂಗಿ, ದಿನಕ್ಕೆ ನಾಲ್ಕು ಸಲ. ಉಪ್ಪು, ಎಣ್ಣೆ, ಅರಿಸಿನ ಏನೂ ಇಲ್ಲ. ಬೇರೆ ಒಂದು ತುತ್ತೂ ಇಲ್ಲ. ಅಂಕ: 5, 4, 6, 5.

ಮಾದರಿಗಳನ್ನು ಮುಚ್ಚಳದ ಡಬ್ಬಿಯಲ್ಲಿ ತಣ್ಣಗಿಡಬೇಕು, ಆದರೆ ಮಂಜುಗಡ್ಡೆ ಕಟ್ಟಿಸಬಾರದು. ಫ್ರಿಜ್‌ನಲ್ಲಿಡಲು ಅಮ್ಮ ಒಪ್ಪಲಿಲ್ಲ. ಅದು ಸರಿಯೇ. ಥರ್ಮಾಕೋಲ್ ಪೆಟ್ಟಿಗೆಗೆ ಐಸ್ ಹಾಕಿ ಜಗಲಿಯ ಮೂಲೆಯಲ್ಲಿಟ್ಟೆ.

ದಿನ 23

ಮೂರರಲ್ಲಿ ಎರಡನೇ ಮಾದರಿಯಲ್ಲಿ ಸಿಕ್ಕಿತು. ಜಿಯಾರ್ಡಿಯಾ.

ಇದು ಹುಳುವಲ್ಲ, ಒಂದೇ ಕೋಶದ ಜೀವಿ. ಸಣ್ಣ ಕರುಳಿನ ಗೋಡೆಗೆ ಅಂಟಿಕೊಂಡು ಕೂರುತ್ತದೆ. ತಿಂದ ಜಿಡ್ಡು ಮೈಗೆ ಹತ್ತದೆ ಹಾಗೇ ಹೊರಗೆ ಹೋಗುತ್ತದೆ. ಮೊದಲ ದಿನ ಕಂಡ ಆ ಹೊಳಪು ಅದೇ. ಹೊರಗೆ ಬರುವಾಗ ಗಟ್ಟಿ ಚಿಪ್ಪಿನೊಳಗೆ ಬರುತ್ತದೆ, ಅದಕ್ಕೆ ಸಿಸ್ಟ್ ಅನ್ನುತ್ತಾರೆ. ತಂಪು, ಒದ್ದೆ ಜಾಗದಲ್ಲಿ ಅದು ವಾರಗಟ್ಟಲೆ ಬದುಕಿರುತ್ತದೆ. ಒಣಗಿಸಿದರೆ, ಕುದಿಯುವ ನೀರು ಹೊಯ್ದರೆ ಸಾಯುತ್ತದೆ. ಜುಲೈ ತಿಂಗಳ ಮಲೆನಾಡಿಗಿಂತ ತಂಪು, ಒದ್ದೆ ಜಾಗ ಅದಕ್ಕೆ ಇನ್ನೆಲ್ಲಿ ಸಿಗಬೇಕು? ಕೆಂಚಿ ತಟ್ಟೆಯ ನೀರು ಬಿಟ್ಟು ತೋಟದ ಬಸಿಗಾಲುವೆಯಲ್ಲೇ ಕುಡಿಯುತ್ತಾಳೆ. ಊರಿನ ಎಲ್ಲಾ ನಾಯಿಗಳೂ ಅಲ್ಲೇ ಓಡಾಡುತ್ತವೆ.

ಔಷಧಿ ಫೆನ್‌ಬೆಂಡಜೋಲ್. ಒಂದು ಕಿಲೋ ತೂಕಕ್ಕೆ 50 ಮಿಲಿಗ್ರಾಂ ಲೆಕ್ಕದಲ್ಲಿ ದಿನಕ್ಕೊಮ್ಮೆ, ಐದು ದಿನ. ಮೂರನೇ ದಿನ ಕೊಟ್ಟ ಒಂದು ಮಾತ್ರೆ ಇದಕ್ಕೆ ಸಾಲುವಂಥದ್ದಾಗಿರಲಿಲ್ಲ. ದನಗಳಿಗೆ ಕೊಡುವ ಜಂತು ಔಷಧಿಯಲ್ಲೂ ಇದೇ ಹೆಸರು ಇರುತ್ತದೆ. ಕೊಟ್ಟಿಗೆಯಲ್ಲಿದ್ದ ಆ ದೊಡ್ಡ ಗುಳಿಗೆಯನ್ನು ಮುರಿದು ಕೊಡುವ ಯೋಚನೆ ದಯವಿಟ್ಟು ಯಾರೂ ಮಾಡಬೇಡಿ. ತೂಕ ನೋಡಿ ಡಾಕ್ಟರೇ ಅಳತೆ ಹೇಳಬೇಕು.

"ಮನೇಲಿ ಬೇರೆ ನಾಯಿ ಇದೆಯಾ?" ಅಂತ ಕೇಳಿದರು. ಕರಿಯನಿಗೆ ಏನೂ ಆಗಿಲ್ಲ ಅಂದೆ. ರೋಗ ತೋರಿಸದೆ ಹೊಟ್ಟೆಯಲ್ಲಿಟ್ಟುಕೊಂಡು ತಿರುಗುವ ನಾಯಿಗಳೂ ಇರುತ್ತವಂತೆ. ಅವನಿಗೂ ಐದು ದಿನದ ಔಷಧಿ ಬಂತು.

ದಿನ 23ರಿಂದ 27

ಔಷಧಿ ಕೊಡುವುದು ಸುಲಭ. ಕೋಳಿ ಉಂಡೆಯೊಳಗೆ ಇಟ್ಟರೆ ಇಬ್ಬರೂ ನುಂಗುತ್ತಾರೆ. ಕಷ್ಟ ಇದ್ದಿದ್ದು ಮನೆಯ ಸುತ್ತ. ಸ್ವಚ್ಛ ಮಾಡದಿದ್ದರೆ ತನ್ನದೇ ಸಿಸ್ಟನ್ನು ನೆಕ್ಕಿ ಮತ್ತೆ ಹೊಟ್ಟೆಗೆ ಸೇರಿಸಿಕೊಳ್ಳುತ್ತಾಳೆ.

ಬೆಳಿಗ್ಗೆ ಸಂಜೆ ಗುದ್ದಲಿ ಹಿಡಿದು ಹಿಂದೆಯೇ ಹೋಗಿ ಮಲ ಎತ್ತಿದೆ. ಅಂಗಳದ ಕಲ್ಲಿನ ಮೇಲೆ ಬಚ್ಚಲ ಹಂಡೆಯ ನೀರನ್ನು ಕುದಿಸಿ ಹೊಯ್ದೆ. ತಟ್ಟೆಗಳಿಗೆ ದಿನವೂ ಕುದಿನೀರು. ಹಾಸಿದ್ದ ಗೋಣಿಚೀಲ ಸುಟ್ಟೆ. ಬಿಸಿಲಂತೂ ಇಲ್ಲ. ಹೊಸ ಚೀಲಗಳನ್ನು ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಒಣಗಿಸಿ ಹಾಸಿದೆ. ಇಬ್ಬರನ್ನೂ ಉದ್ದ ಹಗ್ಗದಲ್ಲಿ ಕಟ್ಟಿ, ತೋಟಕ್ಕೆ ಬಿಡಲಿಲ್ಲ. ಕೆಂಚಿ ರಾತ್ರಿಯಿಡೀ ಅತ್ತಳು. ನಾಯಿಯ ಜಿಯಾರ್ಡಿಯಾ ಮನುಷ್ಯರಿಗೆ ಹತ್ತುವುದು ಅಪರೂಪವೇ. ಆದರೂ ಮಗುವಿರುವ ಮನೆ ಅಂತ ಎಲ್ಲರೂ ಸೋಪು ಹಾಕಿ ಕೈ ತೊಳೆದೆವು.

ಕೊನೆಯ ದಿನ ಶಾಂಪೂ ಸ್ನಾನ. ಇದನ್ನು ಡಾಕ್ಟರು ಎರಡು ಸಲ ನೆನಪಿಸಿದ್ದರು. ಬಾಲದ ಕೆಳಗೆ, ಹಿಂಗಾಲಿನ ಕೂದಲಿಗೆ ಸಿಸ್ಟ್ ಅಂಟಿರುತ್ತದೆ. ಔಷಧಿ ಮುಗಿಯುವ ಹೊತ್ತಿಗೆ ಅದನ್ನು ತೊಳೆಯದಿದ್ದರೆ ಐದು ದಿನದ ಕೆಲಸ ವ್ಯರ್ಥ. ಒಲೆ ಮುಂದೆ ಕೂರಿಸಿ ಪೂರ್ತಿ ಒರೆಸಿ ಒಣಗಿಸಿದೆವು.

ಅಂಕ: 5, 5, 4, 3, 3.

ದಿನ 28ರಿಂದ 33

3, 3, 2, 3, 3, 2. ಆರು ದಿನ ಸಾಲಾಗಿ. ಜುಲೈ 2ರ ನಂತರ ಇದೇ ಮೊದಲು.

ದಿನ 34

ಅಂಕ 5. ಪುಸ್ತಕದಲ್ಲಿ ಬರೆಯುವಾಗ ಕೈ ನಡುಗಿತು. ಮತ್ತೆ ಬಂತಾ?

ಹಿಂದಿನ ಪುಟ ತಿರುಗಿಸಿದೆ. ಉತ್ತರ ಅಲ್ಲೇ ಇತ್ತು. ಕೋಳಿ, ಅನ್ನ ಎರಡನ್ನೇ ತಿಂಗಳುಗಟ್ಟಲೆ ಹಾಕಿದರೆ ಸುಣ್ಣದಂಶ ಮತ್ತಿತರ ಪೋಷಕಾಂಶ ಸಿಗುವುದಿಲ್ಲ, ಹಾಗಾಗಿ ಹಳೆಯ ತಿಂಡಿಗೆ ವಾಪಸ್ ಬರಬೇಕಿತ್ತು. ಏಳರಿಂದ ಹತ್ತು ದಿನ ತೆಗೆದುಕೊಂಡು ಕಾಲು ಭಾಗ, ಅರ್ಧ, ಮುಕ್ಕಾಲು ಅಂತ ಏರಿಸಲು ಹೇಳಿದ್ದರು. ನಾನು ತೋಟದ ಕೆಲಸದಲ್ಲಿದ್ದೆ. 33ನೇ ದಿನ ಅತ್ತಿಗೆ ಒಂದೇ ಸಲಕ್ಕೆ ಪೂರ್ತಿ ತಟ್ಟೆ ಅಂಗಡಿ ತಿಂಡಿ ಹಾಕಿದ್ದರು. ನಿಯಮವನ್ನು ನಾನು ಪುಸ್ತಕದಲ್ಲಿ ಬರೆದೇ ಇರಲಿಲ್ಲ. ಅವರಿಗೆ ಹೇಗೆ ಗೊತ್ತಾಗಬೇಕು?

ಡಾಕ್ಟರಿಗೆ ಫೋನ್ ಮಾಡಿದೆ. ಔಷಧಿ ಬೇಡ, ಎರಡು ದಿನ ಅನ್ನಕ್ಕೆ ವಾಪಸ್ ಹೋಗಿ, ಮಾದರಿ ಮಾತ್ರ ಕಳಿಸಿ ಅಂದರು.

ದಿನ 36

ಅಂಕ 3. ಇಬ್ಬರ ಮಾದರಿಯಲ್ಲೂ ಏನೂ ಇಲ್ಲ. ಒಂದು ಸಲದ ಫಲಿತಾಂಶವನ್ನು ನಂಬುವ ಕಾಲ ಹೋಯಿತು. 38 ಮತ್ತು 40ನೇ ದಿನವೂ ಕಳಿಸಿದೆ. ಅವೂ ಸ್ವಚ್ಛ.

ಅಷ್ಟರಲ್ಲಿ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದಾಗಿತ್ತು: ಇವತ್ತು ಕಾಲು ಭಾಗ ತಿಂಡಿ, ಮುಕ್ಕಾಲು ಅನ್ನ. ಅಣ್ಣನ ಮಗನೇ ದಿನವೂ ಒರೆಸಿ ಹೊಸದು ಬರೆಯುತ್ತಾನೆ.

ದಿನ 46

ತೂಕ 17.1. ಅಂಕ 2.

ಬಸಿಗಾಲುವೆಯನ್ನು ಮುಚ್ಚಲು ಆಗುವುದಿಲ್ಲ, ಅಡಿಕೆ ಬೇರು ಕೊಳೆಯುತ್ತದೆ. ಹಾಗಾಗಿ ತೋಟದ ದಾರಿಯಲ್ಲಿ ಎರಡು ಕಡೆ ಕಲ್ಲಿನ ಮರಿಗೆ ಇಟ್ಟು ಬೆಳಿಗ್ಗೆ ಬಾವಿ ನೀರು ತುಂಬುತ್ತಿದ್ದೇನೆ. ಕರಿಯ ಅಲ್ಲೇ ಕುಡಿಯುತ್ತಾನೆ. ಕೆಂಚಿ ಮೂಸಿ ನೋಡಿ ಕಾಲುವೆ ಕಡೆಗೇ ತಿರುಗುತ್ತಾಳೆ. ಮರಿಗೆಯ ನೀರಿಗೆ ಒಂದು ಚಮಚ ಕೋಳಿ ಬೇಯಿಸಿದ ನೀರು ಬೆರೆಸಿ ಇಡಲು ನಿನ್ನೆಯಿಂದ ಶುರುಮಾಡಿದ್ದೇನೆ. ಇವತ್ತು ಬೆಳಿಗ್ಗೆ ಮೊದಲ ಸಲ ನಿಂತು ಕುಡಿದಳು.