ಬಡ್ಡಿ ನಮ್ಮದು, ಅಸಲು ನಿನ್ನದು

ಕಳೆದ ಶ್ರಾವಣದ ಒಂದು ಸೋಮವಾರ ಬೆಳಿಗ್ಗೆ ಮಂಡ್ಯದ ಬ್ಯಾಂಕೊಂದರಲ್ಲಿ ಮಗನ ಪಕ್ಕ ಕೂತು ಟೋಕನ್ ಸಂಖ್ಯೆ ಕರೆಯುವುದನ್ನು ಕಾಯುತ್ತಿದ್ದಾಗ ನನ್ನ ಕೈಚೀಲದಲ್ಲಿ ಎರಡು ಅರ್ಜಿಗಳಿದ್ದವು. ಒಂದು ಅವನೇ ತುಂಬಿಸಿದ್ದ ಶಿಕ್ಷಣ ಸಾಲದ ಅರ್ಜಿ. ಅದಕ್ಕೆ ಸಹಸಾಲಗಾರಳಾಗಿ ನಾನು ಸಹಿ ಹಾಕಬೇಕಿತ್ತು. ಇನ್ನೊಂದು ಅವನಿಗೆ ಗೊತ್ತಿಲ್ಲದ್ದು: ನನ್ನ ಎನ್‌ಪಿಎಸ್ ಪಿಂಚಣಿ ಖಾತೆಯಿಂದ ಭಾಗಶಃ ಹಣ ಹಿಂಪಡೆಯುವ ನಮೂನೆ. ಸಾಲ ಬೇಡವೆಂದು ಕೊನೆಯ ಗಳಿಗೆಯಲ್ಲಾದರೂ ಅವನನ್ನು ಒಪ್ಪಿಸಿ, ಮನೆಗೆ ಕರೆದುಕೊಂಡು ಹೋಗಿ, ಆ ಎರಡನೆಯ ನಮೂನೆಯನ್ನು ಮಾರನೆಯ ದಿನ ಶಾಲೆಯಲ್ಲಿ ಕೊಟ್ಟುಬಿಡಬೇಕೆಂಬುದು ನನ್ನ ಲೆಕ್ಕಾಚಾರವಾಗಿತ್ತು.

ನಾನು ಸರ್ಕಾರಿ ಪ್ರೌಢಶಾಲೆಯ ಶಿಕ್ಷಕಿ. ಕೆಲಸಕ್ಕೆ ಸೇರಿದ್ದು 2008ರಲ್ಲಿ. ನಮ್ಮ ರಾಜ್ಯದಲ್ಲಿ 2006ರ ಏಪ್ರಿಲ್ 1ರ ನಂತರ ಸೇರಿದವರಿಗೆ ಹಳೆಯ ನಿಶ್ಚಿತ ಪಿಂಚಣಿ ಇಲ್ಲ. ಪ್ರತಿ ತಿಂಗಳು ಸಂಬಳದಲ್ಲಿ ನೂರಕ್ಕೆ ಹತ್ತರಂತೆ ಕಡಿತವಾಗುವ ನಮ್ಮ ದುಡ್ಡು, ಸರ್ಕಾರ ಅದಕ್ಕೆ ಸೇರಿಸುವ ದುಡ್ಡು, ಎರಡೂ ಬೆಳೆದು ಎಷ್ಟಾಗುತ್ತದೋ ಅಷ್ಟೇ ನಮ್ಮ ಮುಪ್ಪಿನ ಬುತ್ತಿ. ಮಕ್ಕಳ ಉನ್ನತ ಶಿಕ್ಷಣಕ್ಕೆಂದು ನಾವು ಕಟ್ಟಿದ ಪಾಲಿನಲ್ಲಿ ಕಾಲು ಭಾಗದವರೆಗೆ ತೆಗೆಯಲು ಅವಕಾಶವಿದೆ. ಈ ನಿಯಮ ಗೊತ್ತಾದ ದಿನದಿಂದ ಅದು ನನಗೆ ಒಡವೆಯ ಡಬ್ಬಿಯ ಹಾಗೆ ಕಾಣುತ್ತಿತ್ತು. ಓಲೆ, ಸರ ಅಡವಿಡುವ ಸರದಿ ಮುಗಿದವರಿಗೆ ಅದೂ ಒಂದು ಧೈರ್ಯ.

ಯಜಮಾನರದು ಬೇಸಾಯ. ವಿ.ಸಿ. ನಾಲೆಯ ಬಯಲಿನಲ್ಲಿ ಒಂದು ಎಕರೆ ಮೂವತ್ತು ಗುಂಟೆ ಕಬ್ಬು, ಮನೆಯಲ್ಲಿ ಎರಡು ಹಸು. ಕಬ್ಬು ಸರಬರಾಜಾದ 14 ದಿನದೊಳಗೆ ಕಾರ್ಖಾನೆ ಹಣ ಕೊಡಬೇಕೆಂದು 1966ರಿಂದಲೂ ಆದೇಶವಿದೆ. ನಮಗೆ ಹಿಂದಿನ ಸಲ ಬರಲು ಮೂರು ತಿಂಗಳು ಹಿಡಿಯಿತು. ಕಾಲೇಜಿನವರು ಮೂರು ತಿಂಗಳು ಕಾಯುವುದಿಲ್ಲ. ಮಗನಿಗೆ ಮೈಸೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಸಿಇಟಿ ಮೂಲಕ ಎಂಜಿನಿಯರಿಂಗ್ ಸೀಟು ಸಿಕ್ಕಿದಾಗ ಮೊದಲ ವರ್ಷದ ಒಂದು ಲಕ್ಷದ ಹತ್ತು ಸಾವಿರ ಕಟ್ಟಿದ್ದು ನಾನು ನಷ್ಟಕ್ಕೆ ಕೂಗಿ ಎತ್ತಿದ ಚೀಟಿಯಿಂದ. ಹಾಸ್ಟೆಲ್ಲಿನ ಶುಲ್ಕ ಹಾಲಿನ ಬಟವಾಡೆಯಿಂದ ಹೋಯಿತು. ಉಳಿದ ಖರ್ಚೆಲ್ಲ ನನ್ನ ಫೋನಿನಿಂದ.

ಆ ಫೋನಿನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಟೋಕನ್ ಬರಲು ಇನ್ನೂ ಹದಿನೈದು ಜನರಿದ್ದರು. ಬೇಸರ ಕಳೆಯಲೆಂದು ಹಣ ಕಳಿಸುವ ಆ್ಯಪ್ ತೆರೆದು ಮಗನ ಹೆಸರನ್ನು ಒತ್ತಿದೆ. ಪರದೆಯ ತುಂಬ ಒಂದರ ಕೆಳಗೊಂದು ಮೊತ್ತಗಳು ಬಂದವು: 200, 350, 120, 500, 80. ಪ್ರತಿಯೊಂದರ ಮೇಲೂ ಅವನ ಸಂದೇಶ. 'ಅಮ್ಮ ಪ್ರಿಂಟ್‌ಔಟ್‌ಗೆ', 'ಅಮ್ಮ ರೆಕಾರ್ಡ್ ಬುಕ್', 'ಡ್ರಾಫ್ಟರ್ ಮುರೀತು', ಮತ್ತೆ 'ಪ್ರಿಂಟ್‌ಔಟ್'. ಬೆರಳಿನಿಂದ ಮೇಲಕ್ಕೆ ತಳ್ಳುತ್ತಾ ಎಣಿಸಿದೆ. ಒಂದು ವರ್ಷದಲ್ಲಿ 214 ಸಲ. ಕೂಡಿದರೆ ಅರವತ್ತೊಂದು ಸಾವಿರ. ಮೇಷ್ಟರ ಕೆಲಸದವಳಾದ ನನಗೆ ಕೂಡುವುದು ಕಷ್ಟವಲ್ಲ, ಆದರೆ ಒಂದು ವರ್ಷದಲ್ಲಿ ಒಂದು ಸಲವೂ ಕೂಡಿ ನೋಡಿರಲಿಲ್ಲ.

"ಇಷ್ಟೊಂದು ಪ್ರಿಂಟ್‌ಔಟ್ ಏನು ಮಾಡ್ದೆಯೋ?" ಎಂದು ನಗುತ್ತಲೇ ಕೇಳಿದೆ.

ಅವನು ನಗಲಿಲ್ಲ. ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು, ಸ್ವಲ್ಪ ಹೊತ್ತು ನೋಡಿ, ಒಂದೊಂದಾಗಿ ತೋರಿಸಿದ. "ಇದು ಪ್ರಿಂಟ್‌ಔಟ್ ಅಲ್ಲ, ರೂಮ್‌ಮೇಟ್ ಬರ್ತ್‌ಡೇಗೆ ಎಲ್ಲರೂ ಹಾಕಿದ್ದು. ಇದು ಎರಡು ಮಸಾಲೆ ದೋಸೆ. ಇದು ಕಟಿಂಗ್ ಮಾಡಿಸಿದ್ದು, ಅದು ನಿಜವಾದ್ದೇ, ಆದ್ರೂ ಯಾಕೋ ರೆಕಾರ್ಡ್ ಬುಕ್ ಅಂತ ಬರೆದಿದೀನಿ." ಆಮೇಲೆ ಫೋನನ್ನು ನನ್ನ ಮಡಿಲಿಗೆ ಇಟ್ಟು ಮೆಲ್ಲಗೆ ಹೇಳಿದ: "ದೋಸೆ ತಿನ್ನೋಕೆ ದುಡ್ಡು ಹಾಕು ಅಂದ್ರೂ ನೀನು ಹಾಕ್ತಿದ್ದೆ. ನನಗೇ ಕೇಳೋಕೆ ಆಗ್ತಿರ್ಲಿಲ್ಲ ಅಮ್ಮ. ವಾರಕ್ಕೆ ನಾಕು ಸಲ ಕಾರಣ ಹುಡುಕಿ ಸಾಕಾಗಿದೆ. ಅದಕ್ಕೇ ಸಾಲ ಕೇಳ್ತಿರೋದು. ಸಾಲಕ್ಕಾದ್ರೆ ಒಂದು ಲೆಕ್ಕ ಇರುತ್ತೆ."

ಕೇಳಿದ್ದಕ್ಕೆಲ್ಲ ಇಲ್ಲವೆನ್ನದೆ ಕೊಟ್ಟೆನೆಂಬ ಹೆಮ್ಮೆಯಲ್ಲಿದ್ದವಳಿಗೆ, ಮಗ ಪ್ರತಿ ಸಲ ಕೈಯೊಡ್ಡುವಾಗಲೂ ಒಂದು ಸಣ್ಣ ಸುಳ್ಳನ್ನು ಹೊಸೆಯುತ್ತಿದ್ದನೆಂಬುದು ಎಷ್ಟು ಚುಚ್ಚಿತೆಂದರೆ, ಕೈಚೀಲದ ಎರಡನೆಯ ನಮೂನೆಯ ಮಾತು ಗಂಟಲಿನಲ್ಲೇ ಉಳಿಯಿತು. ಅದಕ್ಕಿಂತ ಹೆಚ್ಚಾಗಿ, ಅವನು ಹೇಳಿದ ಸಂಕಟ ನನಗೆ ಹೊಸದಾಗಿರಲಿಲ್ಲ.

ನನ್ನ ಅಣ್ಣ ಮೈಸೂರಿನಲ್ಲಿ ಡಿಗ್ರಿ ಓದುವಾಗ ಅಪ್ಪ ಅವನಿಗೆ ತಿಂಗಳಿಗೆ ಆರುನೂರು ರೂಪಾಯಿ ಮನಿಯಾರ್ಡರ್ ಮಾಡುತ್ತಿದ್ದರು. ನಾನು ಮಂಡ್ಯದಲ್ಲಿ ಬಿ.ಎ. ಓದಿದ್ದು ಬಸ್ ಪಾಸಿನಲ್ಲಿ, ಊರಿನಿಂದ ಹೋಗಿ ಬಂದು. ಆದರೆ ಬಿ.ಎಡ್.ಗೆ ಮೈಸೂರಿಗೇ ಹೋಗಬೇಕಾಯಿತು, ಶುಲ್ಕಕ್ಕೆ ಹನ್ನೆರಡು ಗುಂಟೆ ಗದ್ದೆ ಮಾರಬೇಕಾಯಿತು. ಅಪ್ಪ ಮನಸಾರೆ ಮಾರಿದರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬದುಕಿರುವವರೆಗೂ ಪ್ರತಿ ಗೌರಿ ಹಬ್ಬಕ್ಕೆ ನಾನು ತವರಿಗೆ ಹೋದಾಗ, ಜಗಲಿಯ ಮೇಲೆ ಯಾರಿದ್ದರೂ ಸರಿ, ಬೆರಳು ಮಾಡಿ ತೋರಿಸುತ್ತಿದ್ದರು: "ಅಗೋ ಆ ತೆಂಗಿನ ಮರದ ಪಕ್ಕ ಕಾಣ್ತದಲ್ಲ, ಅದೇ ನಮ್ಮ ಮಗಳ ಬಿ.ಎಡ್ಡು." ಅವರಿಗೆ ಅದು ಅಭಿಮಾನ. ನನಗೆ ಒಳಗೊಳಗೇ ಕುಗ್ಗುವಂತಾಗುತ್ತಿತ್ತು. ಕೆಲಸ ಸಿಕ್ಕಿದ ಮೇಲೆ ತವರಿನ ಅಡುಗೆಮನೆಗೆ ತಾರಸಿ ಹಾಕಿಸಿದೆ, ಅಪ್ಪನ ಕಣ್ಣಿನ ಆಪರೇಷನ್ ಮಾಡಿಸಿದೆ, ಅಣ್ಣನ ಮಗಳ ಮದುವೆಗೆ ಸರ ಕೊಟ್ಟೆ. ಆದರೂ ಆ ಹನ್ನೆರಡು ಗುಂಟೆ ತೀರಲಿಲ್ಲ, ಏಕೆಂದರೆ ಅದೆಷ್ಟು, ಯಾವಾಗ ತೀರುತ್ತದೆ ಎಂದು ಯಾರೂ ಯಾವತ್ತೂ ಹೇಳಿರಲಿಲ್ಲ. ನಮ್ಮ ಕಡೆ ಇದಕ್ಕೆ ಹಂಗು ಎನ್ನುತ್ತಾರೆ. ಕೊಟ್ಟವರು ಅದನ್ನು ಹೊರಿಸಬೇಕೆಂದೇನೂ ಇಲ್ಲ, ತೆಗೆದುಕೊಂಡವರ ಹೆಗಲಿಗೆ ತಾನಾಗಿಯೇ ಏರುತ್ತದೆ.

ಸಂಬಳದಾರಳಾಗಿ ನಾನು ಆ ಗದ್ದೆಯ ಬದಲು ಎನ್‌ಪಿಎಸ್ ಮಾರಲು ಹೊರಟಿದ್ದೆ, ಅಷ್ಟೇ. ಅರವತ್ತು ದಾಟಿದ ಮೇಲೆ ಔಷಧಿಗೆ ಸಾಲದಾದಾಗ 'ನಿನ್ನ ಓದಿಗೆ ತೆಗೆದೆ ಕಣಪ್ಪ' ಎಂದು ನಾನು ಬಾಯಿಬಿಟ್ಟು ಹೇಳದಿದ್ದರೂ, ಅವನ ಹೆಂಡತಿಯ ಮುಂದೆ ಒಂದು ನಿಟ್ಟುಸಿರಿನಲ್ಲಾದರೂ ಹೇಳುತ್ತಿದ್ದೆನೆಂಬುದು ನನಗೆ ಚೆನ್ನಾಗಿ ಗೊತ್ತು.

ಟೋಕನ್ ಬಂತು. ಸಾಲ ವಿಭಾಗದ ಅಧಿಕಾರಿ ಮೂವತ್ತರ ಒಳಗಿನ ಯುವಕ. ಕಾಗದಗಳನ್ನು ತಿರುವಿಹಾಕಿ, ಉಳಿದ ಮೂರು ವರ್ಷಕ್ಕೆ ಮೂರು ಲಕ್ಷದ ಮೂವತ್ತು ಸಾವಿರ ತಾನೇ ಎಂದು ಖಚಿತಪಡಿಸಿಕೊಂಡರು. ನಾಲ್ಕು ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಆಸ್ತಿಯ ಅಡಮಾನ ಬೇಡ, ನಮ್ಮ ಕೈಯಿಂದ ಒಂದು ಪಾಲು ಹಾಕಬೇಕೆಂಬ ನಿಯಮವೂ ಇಲ್ಲ, ತಂದೆಯೋ ತಾಯಿಯೋ ಜೊತೆಗೆ ಸಹಿ ಮಾಡಿದರೆ ಸಾಕು. ಶುಲ್ಕ ವರ್ಷವರ್ಷ ನೇರವಾಗಿ ಕಾಲೇಜಿಗೆ ಹೋಗುತ್ತದೆ. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಾಗಿಲ್ಲ. ಆದರೆ ಬಡ್ಡಿ ಮಾತ್ರ ಮೊದಲ ಕಂತು ಬಿಡುಗಡೆಯಾದ ದಿನದಿಂದಲೇ ಲೆಕ್ಕಕ್ಕೆ ಬರುತ್ತದೆ. ಈ ಕೊನೆಯ ಮಾತನ್ನು ಅವರು ಬೇಗ ಹೇಳಿ ಮುಂದಿನ ಪುಟಕ್ಕೆ ಹೋಗುತ್ತಿದ್ದರು, ನಾನು ತಡೆದೆ.

"ಓದುವಾಗಲೇ ಬಡ್ಡಿ ಕಟ್ಟುತ್ತಾ ಹೋದರೆ?"

"ಕಟ್ಟಬಹುದು ಮೇಡಂ. ಹಾಗೆ ಕಟ್ಟಿದರೆ ಬಡ್ಡಿದರದಲ್ಲೂ ರಿಯಾಯಿತಿ ಸಿಗುತ್ತೆ. ಮೊದಲ ಕಂತಿನ ಮೇಲೆ ತಿಂಗಳಿಗೆ ಸಾವಿರದೊಳಗೇ ಆಗುತ್ತೆ. ಯಾರೂ ಕಟ್ಟೋದಿಲ್ಲ ಅಷ್ಟೇ."

ನಾನು ಮಗನ ಕಡೆ ತಿರುಗಿ, ಆಗ ತಾನೆ ಹೊಳೆದದ್ದನ್ನು ಹೇಳಿದೆ. ಓದು ಮುಗಿಯುವವರೆಗೆ ಬಡ್ಡಿ ನಮ್ಮದು, ಅಸಲು ನಿನ್ನದು. ಊಟ, ಬಾಡಿಗೆ, ದೋಸೆ, ಕಟಿಂಗ್ ಎಲ್ಲ ಸೇರಿ ತಿಂಗಳ ಒಂದನೇ ತಾರೀಖು ಇಷ್ಟು ಎಂದು ಒಂದೇ ಸಲ ಹಾಕುತ್ತೇನೆ. ಅದಕ್ಕೆ ನೀನು ಕಾರಣ ಹೇಳಬೇಕಾಗಿಲ್ಲ, ಅದು ಮುಗಿದರೆ ನನ್ನನ್ನು ಕೇಳುವ ಹಾಗೂ ಇಲ್ಲ. "ಎಷ್ಟು?" ಎಂದ. ಅಧಿಕಾರಿಯ ಮೇಜಿನ ಮೇಲೆಯೇ, ಅವರ ಪೆನ್ನಿನಿಂದಲೇ ಲೆಕ್ಕ ಹಾಕಿದೆವು. ಹಾಸ್ಟೆಲ್ ಬಿಟ್ಟು ಇಬ್ಬರು ಗೆಳೆಯರೊಂದಿಗೆ ಗೋಕುಲಂ ಕಡೆ ಒಂದು ಕೋಣೆ ಹಿಡಿದರೆ ಅವನ ಪಾಲಿನ ಬಾಡಿಗೆ ಎರಡೂವರೆ ಸಾವಿರ. ಅಕ್ಕಿ, ರಾಗಿಹಿಟ್ಟು ಊರಿನಿಂದ. 7,500ಕ್ಕೆ ನಿಂತಿತು. ಅವನು ಎಂಟು ಎಂದ, ನಾನು ಏಳು ಎಂದೆ. ತರಕಾರಿಯ ಚೌಕಾಸಿಗಿಂತ ಮರ್ಯಾದೆಯಾಗಿಯೇ ನಡೆಯಿತು. ನಮ್ಮ ಹಿಂದಿನ ಟೋಕನ್ನಿನವರು ಗೊಣಗುತ್ತಿದ್ದರು. ಸಹಿ ಹಾಕಿದೆ. ಎರಡನೆಯ ನಮೂನೆ ಚೀಲದಲ್ಲಿಯೇ ಉಳಿಯಿತು.

ನೂರಡಿ ರಸ್ತೆಯಲ್ಲಿ ಇಡ್ಲಿ ತಿಂದು ಮಧ್ಯಾಹ್ನದ ಬಸ್ಸಿನಲ್ಲಿ ಊರಿಗೆ ಬಂದೆವು. ನನಗೆ ಶಕ್ತಿ ಯೋಜನೆಯ ಶೂನ್ಯ ದರದ ಟಿಕೆಟ್, ಅವನಿಗೆ ದುಡ್ಡಿನದು.

ಮನೆಯಲ್ಲಿ ಈ ಒಪ್ಪಂದವನ್ನು ಒಪ್ಪಿಸುವುದು ಬ್ಯಾಂಕಿನಷ್ಟು ಸುಲಭವಾಗಲಿಲ್ಲ. "ಮಗನ ತಲೆ ಮೇಲೆ ಸಾಲ ಹೊರಿಸಿ ಬಂದಿದೀಯಲ್ಲ, ಊರಲ್ಲಿ ಏನಂತಾರೆ?" ಎಂದು ಯಜಮಾನರು ಊಟದ ಹೊತ್ತಿಗೂ ಮುಖ ಕೊಡಲಿಲ್ಲ. ಎಂಬತ್ತೆರಡರ ಮಾವ ಮಾತ್ರ ಮುದ್ದೆ ಮುರಿಯುತ್ತಾ ನಕ್ಕರು. ಅವರು ಮೈಸೂರಿನಲ್ಲಿ ಎರಡು ವರ್ಷ ಕಾಲೇಜು ಓದಿ ಬಿಟ್ಟವರು. "ನಮ್ಮಪ್ಪ ನನಗೆ ಒಂದು ಕಾಸೂ ಕೊಡ್ನಿಲ್ಲ ಕಣವ್ವ. ಓದಿಸಿದ್ದು ಮೈಸೂರು. ಬಿಟ್ಟಿ ಹಾಸ್ಟೆಲ್ನಲ್ಲಿ ಮಲಗೋದು, ನಮ್ಮ ಜೊತೆ ಒಬ್ಬ ಇದ್ದ, ಅವನಿಗೆ ವಾರಾನ್ನ, ಸೋಮವಾರ ಒಂದು ಮನೆ, ಮಂಗಳವಾರ ಒಂದು ಮನೆ. ಗುರುವಾರದ ಮನೆ ಸಿಕ್ದೆ ಪಾಪ ಉಪವಾಸ ಇರೋನು." ಅವರ ಮಾತು ನಿಜ. ಮಠದ ಹಾಸ್ಟೆಲ್ಲುಗಳು, ಜಾತಿಜಾತಿಯ ವಿದ್ಯಾರ್ಥಿ ನಿಲಯಗಳು, ವಾರಾನ್ನ ಹಾಕುತ್ತಿದ್ದ ಅಗ್ರಹಾರದ ಮನೆಗಳು ಇದ್ದ ಊರು ಅದು. ಕುವೆಂಪು ಅವರೂ ಓದುವಾಗ ಇದ್ದದ್ದು ಅಲ್ಲಿನ ರಾಮಕೃಷ್ಣ ಆಶ್ರಮದಲ್ಲಿ. ಮಕ್ಕಳ ಕಾಲೇಜಿನ ಖರ್ಚನ್ನು ಪೂರ್ತಿ ಅಪ್ಪ ಅಮ್ಮನೇ ಹೊರಬೇಕೆಂಬುದು ನಮ್ಮಂಥ ಮನೆಗಳಲ್ಲಿ ಅನಾದಿಯಿಂದ ಬಂದದ್ದೇನಲ್ಲ, ಒಂದು ತಲೆಮಾರಿನ ಈಚಿನದು. ಇದನ್ನು ಯಜಮಾನರಿಗೆ ಹೇಳಿದೆ. ಅವರು ಸೊಪ್ಪಿನ ಸಾರು ಇನ್ನಷ್ಟು ಹಾಕಿಸಿಕೊಂಡರು, ಒಪ್ಪಿಗೆ ಎಂದುಕೊಂಡೆ.

ಗೋಡೆಯ ಒಂಟಿಕೊಪ್ಪಲ್ ಕ್ಯಾಲೆಂಡರಿನಲ್ಲಿ ಮುಂದಿನ ತಿಂಗಳ ಒಂದನೇ ತಾರೀಖಿನ ಚೌಕದೊಳಗೆ 7,500 ಎಂದು ಬರೆಯುತ್ತಿದ್ದಾಗ, ಅಷ್ಟು ಹೊತ್ತೂ ಬಾಗಿಲಿಗೆ ಒರಗಿ ಕೇಳಿಸಿಕೊಳ್ಳುತ್ತಿದ್ದ ಮಗಳು ಬಾಯಿಬಿಟ್ಟಳು. ಅವಳು ಎರಡನೇ ಪಿಯುಸಿ. ಮುಂದಿನ ವರ್ಷ ಮೈಸೂರಿನಲ್ಲಿ ಬಿ.ಎಸ್ಸಿ. ಓದುವ ಆಸೆ.

"ನನಗೂ ಇಷ್ಟೇನಾ?"

"ನಿನಗೆ ಯಾಕೆ ಕೋಣೆ? ಬಸ್ಸು ಬಿಟ್ಟಿ ಇದೆ, ಒಂದೂವರೆ ಗಂಟೆ ದಾರಿ," ಎಂದರು ಇವರು, ಯೋಚನೆಯನ್ನೂ ಮಾಡದೆ. ತಲೆಯಾಡಿಸಲು ನನ್ನ ಕತ್ತು ಆಗಲೇ ಅರ್ಧ ಬಗ್ಗಿತ್ತು. ಆಗ ನನ್ನ ಬಸ್ ಪಾಸು ನೆನಪಾಯಿತು. ಅಣ್ಣನ ಆರುನೂರು ರೂಪಾಯಿ ಮನಿಯಾರ್ಡರ್ ಫಾರಂ ತುಂಬುತ್ತಿದ್ದದ್ದು ನಾನೇ, ಅಕ್ಷರ ಚೆನ್ನಾಗಿದೆಯೆಂದು ಅಪ್ಪ ನನ್ನ ಕೈಗೇ ಕೊಡುತ್ತಿದ್ದರು ಎಂಬುದೂ ನೆನಪಾಯಿತು. ನಮ್ಮ ಶಾಲೆಯ ಸಮಾಜ ವಿಜ್ಞಾನದ ಮೇಷ್ಟರು ಒಮ್ಮೆ ಹೇಳಿದ್ದರು: 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ ಪ್ರಕಾರ ತಂದೆತಾಯಿಯಿಂದ ಜೀವನಾಂಶ ಪಡೆಯುವ ಮಗನ ಹಕ್ಕು ಹದಿನೆಂಟಕ್ಕೆ ಮುಗಿಯುತ್ತದೆ, ಮದುವೆಯಾಗದ, ತನ್ನನ್ನು ತಾನು ಸಾಕಿಕೊಳ್ಳಲಾಗದ ಮಗಳದು ಮುಗಿಯುವುದಿಲ್ಲ ಎಂದು. ಕಾನೂನಿನ ಲೆಕ್ಕ ಒಂದು, ನಮ್ಮ ಮನೆಗಳ ಲೆಕ್ಕ ಅದರ ತದ್ವಿರುದ್ಧ.

"ನಿನಗೂ ಇಷ್ಟೇ," ಎಂದೆ. "ಶುಲ್ಕಕ್ಕೆ ಸಾಲ ಬೇಕಾದರೆ ಅದೂ ಹೀಗೇ. ಕೋಣೆ ಹಿಡಿಯುತ್ತೀಯೋ ಬಸ್ಸಿನಲ್ಲಿ ಓಡಾಡುತ್ತೀಯೋ, ಅದು ನಿನಗೆ ಬಿಟ್ಟದ್ದು."

ಅವಳು ಕ್ಯಾಲೆಂಡರಿನ ಅಂಕಿಯನ್ನೇ ನೋಡುತ್ತಾ ಒಂದು ಗಳಿಗೆ ಲೆಕ್ಕ ಹಾಕಿದಳು. ಆಮೇಲೆ ಕೇಳಿದಳು: "ಹಂಗಾದ್ರೆ ಬಸ್ಸಲ್ಲೇ ಓಡಾಡಿ, ಉಳಿದಿದ್ದನ್ನ ನಾನೇ ಇಟ್ಕೋಬಹುದಾ?"

ಇವರು ನನ್ನ ಮುಖ ನೋಡಿದರು. ನಾನು ಮಾವನ ಮುಖ ನೋಡಿದೆ. ಮಾವ ಕೈ ತೊಳೆಯಲು ಎದ್ದರು.